ಅಳೆಯದೆ ಅಳಿಸಿದ ಜಿಗಿತ

ಮೆತ್ಲಾವಿ
ಅಕ್ಟೋಬರ್ 16, ಬುಧವಾರ

ಪ್ರೀತಿಯ ಲಜ್ಹರ್ ಅಣ್ಣ,

ನಿನ್ನ ಪದಕ ಹೋದದ್ದು ನನ್ನಿಂದ. ಅದನ್ನು ನೀನು ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಅದರ ಶಿಕ್ಷೆಯನ್ನು ಅಪ್ಪ ಅನುಭವಿಸುತ್ತಿದ್ದಾರೆ. ಇದು ಅನ್ಯಾಯ. ಬೇರೆಯವರ ಅನ್ಯಾಯಗಳ ಬಗ್ಗೆ ಗಂಟಲು ಹರಿಯುವಂತೆ ಮಾತಾಡುತ್ತ ಬಂದವಳು ನಾನು. ನನ್ನದೊಂದನ್ನು ಕಾಗದದ ಮೇಲೆ ಇಡಲು ಆರು ವಾರ ಬೇಕಾಯಿತು.

ನಿನ್ನ ಎಡ ಹಿಮ್ಮಡಿಯ ನೋವು ಕಡಿಮೆಯಾಯಿತೇ? ಬಂದರಿನ ಗೋದಾಮಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ್ದೀಯೆಂದೂ ತರಬೇತಿ ಕೇಂದ್ರದ ಕಡೆ ತಲೆಯೇ ಹಾಕುತ್ತಿಲ್ಲವೆಂದೂ ಟ್ಯೂನಿಸ್‌ನಿಂದ ಬಂದವರು ಹೇಳಿದರು. ಹಿಮ್ಮಡಿ ನೋಯುವವನು ಮೂಟೆ ಹೊರಬಾರದು, ಇಷ್ಟು ಹೇಳಲು ಡಾಕ್ಟರೇ ಆಗಬೇಕಿಲ್ಲ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೆ ಈ ಕಾಗದ. ನಾಳೆ ಬೆಳಿಗ್ಗೆ ರಾಜಧಾನಿಗೆ ಹೊರಡುವ ಬಾಡಿಗೆ ಗಾಡಿಯ ಚಾಲಕನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಜೊತೆಗೆ ಅಮ್ಮ ಕಟ್ಟಿಟ್ಟಿರುವ ಈ ವರ್ಷದ ಖರ್ಜೂರ, ಒಂದು ಸೀಸೆ ಹರೀಸಾ ಮೆಣಸಿನ ಚಟ್ನಿ. ಖಾರ ಜಾಸ್ತಿಯಾಗಿದೆ, ಅನ್ನುವವರು ಅನ್ನಲಿ, ನಿನಗೆ ಹಾಗೇ ಇಷ್ಟವೆಂದು ಅವಳು ಬೇಕೆಂದೇ ಹಾಕಿದ್ದು. ಅವಳ ಮೊಣಕಾಲು ಮೊದಲಿನಂತೆಯೇ ಇದೆ. ‘ಅವನಿಗೆ ಬೈದು ಬರೀಬೇಡ ಕಣೆ, ಮೊದಲೇ ಊಟ ಬಿಟ್ಟು ಕೂತಿರ್ತಾನೆ’ ಎಂದು ಮೂರು ಸಲ ಹೇಳಿದ್ದಾಳೆ. ಯಾರಿಗೆ ಬೈಯಬೇಕೆಂಬುದು ಅವಳಿಗೆ ಇನ್ನೂ ಗೊತ್ತಿಲ್ಲ.

ಆ ಸಂಜೆಯ ಬಗ್ಗೆ ನಿನಗೆ ಯಾರೂ ಸರಿಯಾಗಿ ಹೇಳಿರಲಾರರು. ಟಿಜಾನಿಯ ಕಾಫಿ ಅಂಗಡಿಗೆ ಹೆಂಗಸರು ಕಾಲಿಡುವುದಿಲ್ಲವಲ್ಲ. ಆವತ್ತು ಅವನೇ ಹೊರಗೆ ಬಂದು, ‘ಜಿಗಿಯುವವನ ತಾಯಿ ಬೀದೀಲಿ ನಿಲ್ಲೋದಾ, ಬನ್ನಿ ಒಳಗೆ’ ಎಂದು ಅಮ್ಮನನ್ನೂ ನನ್ನನ್ನೂ ಟೀವಿಯ ಎದುರಿನ ಮೊದಲ ಸಾಲಿನಲ್ಲಿ ಕೂರಿಸಿದ. ನಮ್ಮ ಹಿಂದೆ ನಮ್ಮ ಬೀದಿಯ ಹೆಂಗಸರೆಲ್ಲ ಬಂದರು. ಪಾಳಿ ಮುಗಿಸಿದ ಗಣಿಯವರು ಮುಖದ ಮೇಲಿನ ಬೂದು ಧೂಳನ್ನು ತೊಳೆಯದೆ ಗೋಡೆಗೆ ಒರಗಿ ನಿಂತಿದ್ದರು. ಅಪ್ಪ ಕೂರಲಿಲ್ಲ. ಬಾಗಿಲ ಬಳಿ ಕೈ ಹಿಂದೆ ಕಟ್ಟಿಕೊಂಡು ನಿಂತರು, ಕಾರ್ಖಾನೆಯಲ್ಲಿ ಮೇಸ್ತ್ರಿ ಬಂದಾಗ ನಿಲ್ಲುತ್ತಾರಲ್ಲ, ಹಾಗೆ. ವಿಶ್ವ ಚಾಂಪಿಯನ್‌ಶಿಪ್ಪಿನ ಉದ್ದಜಿಗಿತದ ಕೊನೆಯ ಎಂಟು ಜನರಲ್ಲಿ ನಮ್ಮ ಬೀದಿಯವನೊಬ್ಬ ಇದ್ದಾನೆಂಬುದೇ ಊರಿಗೆ ಸಾಕಾಗಿತ್ತು. ನನಗೆ ಮಾತ್ರ ಸಾಕಾಗಿರಲಿಲ್ಲ.

ಐದು ಜಿಗಿತ ಮುಗಿದಾಗ ನೀನು ಐದನೆಯವನು. ಮೂರನೆಯವನದು ಎಂಟು ಮೀಟರ್ ಹದಿನೇಳು ಸೆಂಟಿಮೀಟರ್. ಪರದೆಯಲ್ಲಿ ಆ ಅಳತೆಗೆ ಮರಳಿನ ಮೇಲೆ ಒಂದು ಹಸಿರು ಗೆರೆ ಎಳೆದು ತೋರಿಸುತ್ತಿದ್ದರು. ಆರನೆಯ ಸಲ ಓಡಿ ಬಂದೆ. ಜಿಗಿಯುವ ಪಟ್ಟಿಯ ಅಂಚಿಗೆ ಎರಡು ಬೆರಳು ಬಾಕಿ ಇರುವಂತೆ ಕಾಲಿಟ್ಟೆ. ಗಾಳಿಯಲ್ಲಿ ಎಷ್ಟು ಹೊತ್ತು ಇದ್ದೆ ಅಣ್ಣ, ಗಣಿಯವರಲ್ಲಿ ಯಾರೋ ಒಬ್ಬ ‘ಇವನು ಇಳಿಯಲ್ವೇನೋ’ ಅಂದದ್ದು ಪೂರ್ತಿ ಕೇಳಿಸಿತು. ನಿನ್ನ ಹಿಮ್ಮಡಿ ಹಸಿರು ಗೆರೆಯ ಆಚೆ ಬಿತ್ತು. ಒಂದು ಗೇಣು ಆಚೆ. ಅಂಗಡಿಯಲ್ಲಿ ಕುರ್ಚಿಗಳು ಉರುಳಿದವು. ನೀನು ಎದ್ದು ನಿಂತು ನಕ್ಕೆ. ನಮ್ಮೂರಿನ ನೀರು ಕುಡಿದ ಹಳದಿ ಹಲ್ಲೆಂದು ಫೋಟೊಗಳಲ್ಲೆಲ್ಲ ತುಟಿ ಬಿಗಿದುಕೊಳ್ಳುವವನು ನೀನು. ಆವತ್ತು ಬಾಯಿ ತುಂಬ ನಕ್ಕೆ, ಲೋಕವೆಲ್ಲ ಆ ಹಲ್ಲು ನೋಡಿತು. ನಾನು ಅಳುತ್ತಿದ್ದೆ.

ಆಮೇಲೆ ನೀನು ಹಿಂದಕ್ಕೆ ತಿರುಗಿದೆ. ಅಂಗಡಿಯವರೆಲ್ಲ ಇನ್ನೂ ಕುಣಿಯುತ್ತಿದ್ದರು. ಬಾಗಿಲಿನಿಂದ ಅಪ್ಪನ ಧ್ವನಿ ಮಾತ್ರ, ಅದೂ ಮೆಲ್ಲಗೆ, ‘ಬೇಡ ಮಗಾ, ಬೇಡ’ ಎಂದಿತು. ನೀನು ಮರಳಿನಲ್ಲೇ ಮೂರು ಹೆಜ್ಜೆ ಹಿಂದೆ ಬಂದು, ಬಗ್ಗಿ, ಅಂಗೈಯಿಂದ ಮರಳನ್ನು ಸವರಿ, ಓಟದ ದಾರಿಯ ಕಡೆಗೆ ಹೊರಗೆ ಬಂದೆ. ಬಿಳಿ ಬಾವುಟ ಏಳಬೇಕಾದಲ್ಲಿ ಕೆಂಪು ಎದ್ದಿತು.

ಬಿದ್ದ ಗುರುತಿಗಿಂತ ಹಿಂದಕ್ಕೆ ಮರಳಿನಲ್ಲಿ ನಡೆದು ಬಂದರೆ ಆ ಜಿಗಿತ ಲೆಕ್ಕಕ್ಕಿಲ್ಲ. ಆ ನಿಯಮ ನಿನಗೂ ಗೊತ್ತು, ನನಗೂ ಗೊತ್ತು. ಲೆಕ್ಕಕ್ಕಿಲ್ಲದ್ದನ್ನು ಅವರು ಅಳೆಯುವುದೂ ಇಲ್ಲ. ಮರಳು ಸಮ ಮಾಡುವ ಉದ್ದ ಕೋಲಿನ ಹಲಗೆ ಹಿಡಿದು ಮರಳಗುಂಡಿಯ ಪಕ್ಕದಲ್ಲಿ ನಿಂತಿದ್ದ ಕೂಲಿಯವನು ಸ್ವಲ್ಪ ಹೊತ್ತು ಕೈ ಆಡಿಸಲಿಲ್ಲ. ನಿನ್ನನ್ನೇ ನೋಡುತ್ತಿದ್ದ. ಅಧಿಕಾರಿ ಬೆರಳು ತೋರಿಸಿದ ಮೇಲೆ ಹಲಗೆ ಎಳೆದ. ಎರಡೇ ಎಳೆತ. ನಿನ್ನ ಜಿಗಿತ ಅಲ್ಲಿ ಇರಲಿಲ್ಲ.

ಟಿಜಾನಿ ಟೀವಿ ಆರಿಸಿ, ‘ಎಂಟು ಮೀಟರ್ ಹಾರೋಕೆ ಬಂತು, ನಾಕು ಹೆಜ್ಜೆ ನಡೆಯೋಕೆ ಬರ್ಲಿಲ್ವಲ್ಲಪ್ಪ’ ಅಂದ. ಯಾರೂ ನಗಲಿಲ್ಲ. ಈಗ ನಗುತ್ತಾರೆ. ಬ್ರೆಡ್ ತರಲು ಹೋದರೆ, ‘ನಿಮ್ಮಣ್ಣನಿಗೆ ಹೇಳು, ಮನೆಗೆ ಬರುವಾಗಲೂ ಹಿಂದಕ್ಕೇ ನಡ್ಕೊಂಡು ಬರಲಿ’ ಎಂದು ಕೆಣಕುತ್ತಾರೆ. ಪತ್ರಿಕೆಯವರಿಗೆ ನೀನು ‘ಮರೆತೆ’ ಎಂದಷ್ಟೇ ಹೇಳಿದೆ. ಆ ಒಂದು ಪದ ನಿನ್ನ ಬಾಯಿಂದ ಬಂದಾಗ ಇವನು ನನ್ನನ್ನು ಮುಚ್ಚಿಡುತ್ತಿದ್ದಾನೆ ಎಂದು ನನಗೆ ತಿಳಿಯಿತು. ತಿಳಿದೂ ಸುಮ್ಮನಿದ್ದೆ.

ಆಗಸ್ಟಿನಲ್ಲಿ ಗಾಡಿ ನಿಲ್ದಾಣಕ್ಕೆ ನಿನ್ನ ಚೀಲ ಹೊತ್ತು ಬಂದದ್ದು ನಾನು. ಅದರ ಹಿಂದಿನ ವಾರ ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಗೆ ಕಾರ್ಮಿಕ ಸಂಘದವರು ಪ್ರತಿ ಮಾಡಿಸಲು ಕೊಟ್ಟಿದ್ದ ಒಂದು ಕರಪತ್ರ ನನ್ನ ತಲೆ ತುಂಬ ಇತ್ತು. ಕೊಲ್ಲಿ ದೇಶಗಳಲ್ಲಿ ಕ್ರೀಡಾಂಗಣ ಕಟ್ಟಿದ ಕೂಲಿಗಳ ಬಗ್ಗೆ ಬರೆದದ್ದು. ನೀನು ಜಿಗಿಯಲು ಹೊರಟದ್ದೂ ಅಂಥದ್ದೇ ಒಂದು ಕ್ರೀಡಾಂಗಣಕ್ಕೆ. ಯಂತ್ರದ ಬೆಳಕಿನಲ್ಲಿ ಒಂದೊಂದು ಹಾಳೆ ಹೊರಬರುವಾಗಲೂ ಓದುತ್ತಿದ್ದೆ, ಮುನ್ನೂರು ಪ್ರತಿಯಾಗುವಷ್ಟರಲ್ಲಿ ಬಾಯಿಪಾಠವಾಗಿತ್ತು. ನಿಲ್ದಾಣದಲ್ಲಿ ನಿನ್ನ ತೋಳು ಹಿಡಿದು ಹೇಳಿದೆ: ‘ಅಲ್ಲಿ ನಿನ್ನ ಗುಂಡಿಯನ್ನ ಯಾವನೋ ಬಡವ ಸಮ ಮಾಡ್ತಾನೆ. ನಮ್ಮ ಗುಂಡೀಲಿ ಜಿಗಿದವನೇ ಸಮ ಮಾಡ್ತಾನೆ. ನಿನ್ನ ಒಳ್ಳೇ ಜಿಗಿತ ಬಿದ್ದ ದಿನ ಆ ಮರಳನ್ನ ನಿನ್ನ ಕೈಯಾರೆ ಸಮ ಮಾಡು. ಲೋಕ ನೋಡ್ಲಿ.’ ನೀನು ನಕ್ಕು ‘ಆಗಲಿ ಕಾರ್ಯದರ್ಶಿಗಳೇ’ ಅಂದೆ. ನಾನು ಬಿಡಲಿಲ್ಲ. ಮಾತು ಕೊಡು ಅಂದೆ. ನೀನು ಕೊಟ್ಟೆ.

ನೀನು ಮುಂದಿನಿಂದಲೇ ಹೊರಗೆ ಬಂದು, ಅಳತೆಯಾದ ಮೇಲೆ ಆ ಮನುಷ್ಯನ ಕೈಯಿಂದ ಹಲಗೆ ತೆಗೆದುಕೊಳ್ಳಬೇಕೆಂದಿದ್ದೆ ಎಂದು ನಾನು ನಂಬಿದ್ದೇನೆ. ಆದರೆ ಆ ನಗುವಿನಲ್ಲಿ ನೀನು ಆ ದೊಡ್ಡ ಕ್ರೀಡಾಂಗಣದಲ್ಲಿ ಇರಲಿಲ್ಲ. ಇಲ್ಲಿದ್ದೆ, ನಮ್ಮ ಗುಂಡಿಯಲ್ಲಿ. ಬಲಕ್ಕೆ ಫಾಸ್ಫೇಟ್ ತೊಳೆಯುವ ಕಾರ್ಖಾನೆಯ ಗೋಡೆ, ಎಡಕ್ಕೆ ರೈಲು ಹಳಿಯ ಹಳೇ ಮರದ ದಿಮ್ಮಿಗಳ ರಾಶಿ, ಎದುರಿಗೆ ಮುಳ್ಳುಕಳ್ಳಿ. ಇಲ್ಲಿ ಜಿಗಿದವನಿಗೆ ಹಿಂದಕ್ಕೆ ಬರುವುದು ಬಿಟ್ಟು ಬೇರೆ ದಾರಿಯಿಲ್ಲ. ಹಿಂದಕ್ಕೆ ಬರುತ್ತ ಮರಳು ಸಮ ಮಾಡುತ್ತಲೇ ನಾವೆಲ್ಲ ಬೆಳೆದದ್ದು. ಟ್ಯೂನಿಸ್‌ನ ತರಬೇತುದಾರರು ಒಂದು ವರ್ಷ ಬೈದು ಬಿಡಿಸಿದ ಚಾಳಿಯನ್ನು ನಾನು ಒಂದು ಮಾತಿನಲ್ಲಿ ಎಬ್ಬಿಸಿ ಕೂರಿಸಿದೆ.

ನನ್ನ ವಿಚಾರ ತಪ್ಪೆಂದು ನಾನು ಈಗಲೂ ಹೇಳುವುದಿಲ್ಲ. ಆ ಹಲಗೆ ಹಿಡಿದವನ ಹೆಸರು ಒಂದು ಪತ್ರಿಕೆಯಲ್ಲೂ ಬರಲಿಲ್ಲ, ಅದು ಸರಿಯಲ್ಲ. ಆದರೆ ನನ್ನ ಘೋಷಣೆಯನ್ನು ನಾನು ನನ್ನ ಗಂಟಲಿನಿಂದ ಕೂಗಬೇಕಿತ್ತು. ನಿನ್ನ ಮೈಯಿಂದ ಕೂಗಿಸಿದೆ. ಹದಿನಾಲ್ಕು ವರ್ಷ ನೀನು ಬೆಳಗಿನ ಚಳಿಯಲ್ಲಿ ಎದ್ದು ಸಾಕಿದ ಮೈ ಅದು. ಯಾರ ಪರವಾಗಿ ನಾನು ಮಾತಾಡಿದೆನೋ ಅವನ ಕೈಯಿಂದಲೇ ನಿನ್ನ ಜಿಗಿತವನ್ನು ಅಳಿಸುವಂತಾಯಿತು. ಇದಕ್ಕೆ ಉತ್ತರ ಯಾವ ಕರಪತ್ರದಲ್ಲೂ ಸಿಕ್ಕಿಲ್ಲ.

ಈಗ ಅಪ್ಪನ ವಿಷಯ. ಅವರು ಪಾಳಿ ಮುಗಿಸಿ ಬಂದವರೇ ಗುಂಡಿಯ ಅಂಚಿನಲ್ಲಿ ಹೋಗಿ ಕೂರುತ್ತಾರೆ. ಚಹಾ ಅಲ್ಲಿಗೇ ಒಯ್ದು ಕೊಡುತ್ತೇನೆ, ಲೋಟ ತಣ್ಣಗಾಗಿ ವಾಪಸು ಬರುತ್ತದೆ. ಸಂಜೆ ಜಿಗಿಯಲು ಬರುವ ಮಕ್ಕಳು ಈಗ ಹನ್ನೊಂದು ಜನ, ಅವರಲ್ಲಿ ಇಬ್ಬರು ಹುಡುಗಿಯರು. ಅಪ್ಪ ಅವರನ್ನೆಲ್ಲ ಮನೆಗೆ ಕಳಿಸಿಬಿಟ್ಟಿದ್ದಾರೆ. ಕಳೆದ ಶುಕ್ರವಾರ ಕೂಸ್‌ಕೂಸ್ ತಟ್ಟೆಯ ಮುಂದೆ ಚಮಚ ಕೆಳಗಿಟ್ಟು, ‘ಹಿಂದಕ್ಕೆ ಬರೋದನ್ನ ಅವನಿಗೆ ಕಲಿಸಿದ್ದು ನಾನು. ಮುಂದಿನ ವಾರದ ಭಾನುವಾರ ಒಂದು ಗಾಡಿ ಕಲ್ಲು ಬರುತ್ತೆ, ಮುಚ್ಚಿಬಿಡ್ತೀನಿ. ಇನ್ನೊಬ್ಬರ ಮಕ್ಕಳಿಗೆ ಈ ಗತಿ ಬೇಡ’ ಎಂದರು. ಅಮ್ಮ ಅಳುತ್ತ ಒಳಗೆ ಹೋದಳು. ನಾನು ತಟ್ಟೆಯನ್ನೇ ನೋಡುತ್ತ ಕೂತೆ. ಒಣಹೊಳೆಯಿಂದ ಕತ್ತೆಗಾಡಿಯಲ್ಲಿ ಆ ಮರಳು ತಂದವರು ಅಪ್ಪ ಮತ್ತು ಅವರ ಪಾಳಿಯ ಆರು ಜನ. ಜರಡಿ ಹಿಡಿದವಳು ಅಮ್ಮ, ಆಗ ನಾನು ಅವಳ ಹೊಟ್ಟೆಯಲ್ಲಿದ್ದೆನಂತೆ. ಅಂಥ ಗುಂಡಿಗೆ ಕಲ್ಲು ಬೀಳುತ್ತದೆ, ನನ್ನ ತಪ್ಪಿಗೆ.

ಅವರಿಗೆ ನಾನು ಹೇಳಬೇಕು. ಹೇಳುತ್ತೇನೆ. ಮೊದಲು ನಿನಗೆ ಬರೆದು, ಆಮೇಲೆ ಅವರ ಮುಂದೆ ನಿಲ್ಲುತ್ತೇನೆ. ನಿನ್ನನ್ನು ಇನ್ನೊಂದು ಮಾತಿಗೆ ಕಟ್ಟಿಹಾಕುವ ಹಕ್ಕು ನನಗಿಲ್ಲ, ಹಾಗಾಗಿ ಈ ಸಲ ಮಾತು ಕೊಡು ಎನ್ನುವುದಿಲ್ಲ. ನೀನು ಮತ್ತೆ ಜಿಗಿಯಬೇಕೋ ಬೇಡವೋ ನಿನ್ನ ಕಾಲಿಗೆ ಬಿಟ್ಟದ್ದು. ಅಪ್ಪ ಕಲಿಸಿದ್ದು ನಿನ್ನನ್ನು ಕೆಡಿಸಲಿಲ್ಲ ಎಂದು ಮಾತ್ರ ಅವರು ನಿನ್ನ ಬಾಯಿಂದ ಕೇಳಬೇಕು. ನನ್ನ ಬಾಯಿಂದ ಕೇಳಿದರೆ ಅರ್ಧವೇ ನಂಬುತ್ತಾರೆ.

ಅಮ್ಮ ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸಿದ್ದಾಳೆಂದು ಬರೆಯಲು ಹೇಳಿದಳು. ಹೊಟ್ಟೆ ತುಂಬ ಉಣ್ಣು, ಹಿಮ್ಮಡಿಗೆ ಬಿಸಿನೀರಿನ ಶಾಖ ಕೊಡು. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ನನಗೇ ಅದು ಅಗ್ಗದ ಮಾತೆನಿಸುತ್ತದೆ.

ನಿನ್ನ ತಂಗಿ,
ಮಬ್ರೂಕಾ

ಮತ್ತೆ: ಗುರುವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಗಾಡಿ ತುಂಬಿದೆ, ಚಾಲಕ ಅವಸರ ಮಾಡುತ್ತಿದ್ದಾನೆ. ಅಪ್ಪನಿಗೆ ಹೇಳಿದೆ. ಚಹಾ ಲೋಟ ಕೆಳಗಿಟ್ಟು ಎಲ್ಲ ಕೇಳಿದರು. ‘ಅವನು ಯಾರಿಗೂ ಹೇಳಿಲ್ವಾ’ ಎಂದರು. ಇಲ್ಲ ಎಂದೆ. ಬೈಯಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಗುಂಡಿಯ ಕಡೆ ನಡೆದರು. ದಿಮ್ಮಿಗಳ ರಾಶಿಯನ್ನು ಹೆಜ್ಜೆಯಲ್ಲಿ ಅಳೆದರು, ಎರಡು ಸಲ. ಆಮೇಲೆ ನನ್ನ ಮುಖ ನೋಡದೆ ಹೇಳಿದರು: ‘ಈ ದಿಮ್ಮಿಗಳನ್ನ ಎತ್ತಿದ್ರೆ ಪಕ್ಕದಲ್ಲಿ ಮೂರಡಿ ದಾರಿ ಆಗುತ್ತೆ. ಬರೋ ಕಲ್ಲನ್ನ ಅಲ್ಲಿ ಹಾಸೋಣ. ಜಿಗಿದ ಮಕ್ಕಳು ಮುಂದೆ ಹೋಗಿ ಹೊರಗೆ ಬರ್ಲಿ, ಸುತ್ತಿ ಬಂದು ಮರಳು ಸಮ ಮಾಡ್ಲಿ. ಸಮ ಮಾಡೋದನ್ನ ಮಾತ್ರ ಬಿಡಬಾರದು. ದಿಮ್ಮಿ ಎತ್ತೋದು ನೀನೂ ನಿಮ್ಮಣ್ಣನೂ ಇಬ್ರೇ, ನಾನು ಕೈ ಹಾಕಲ್ಲ.’ ಮೂಟೆ ಹೊರಬೇಡ ಎಂದವಳೇ ಇದನ್ನು ಕೇಳುತ್ತಿದ್ದೇನೆ, ಭಾರದ ತುದಿ ನನ್ನ ಕಡೆಗಿರಲಿ. ಕಲ್ಲಿನ ಗಾಡಿ ಬರುವುದು ಈ ಭಾನುವಾರ, ಇಪ್ಪತ್ತನೇ ತಾರೀಖು, ಬೆಳಿಗ್ಗೆ ಏಳು ಗಂಟೆಗೆ. ನಾನು ಮೊದಲ ದಿಮ್ಮಿಯ ಒಂದು ತುದಿ ಹಿಡಿದು ಗುಂಡಿಯ ಹತ್ತಿರ ನಿಂತಿರುತ್ತೇನೆ.