ಮೂರನೆಯ ಸಾಕ್ಷಿ

ವಡೋದರಾ
ಜನವರಿ ೮, ೧೯೯೬

ಪೂರ್ವಿ ಮರಿಗೆ ಅಮ್ಮನ ಆಶೀರ್ವಾದ. ಊಟ ಮಾಡಿ ಆಮೇಲೆ ಇದನ್ನು ಓದು. ಹಸಿದಾಗ ನಿನಗೆ ಸಿಟ್ಟು ಜಾಸ್ತಿ. ಕನ್ನಡ ತಡವರಿಸಿದರೆ ಗಟ್ಟಿಯಾಗಿ ಓದಿಕೋ.

ನನ್ನ ಮದುವೆ ಬೇಡವೆಂದು ನೀನು ಬರೆದ ತಕರಾರು ನೇರ ರಿಜಿಸ್ಟ್ರಾರ್ ಕಚೇರಿಗೆ ಹೋಗಿದೆ. ನನಗೊಂದು ಮಾತು ಬರೆಯಬಾರದಿತ್ತೇ? ಸಾಹೇಬರು ಕರೆಸಿ, ಇಂದುಬೆನ್, ನಿಮ್ಮ ಮಗಳು ಹೀಗೆ ಬರೆದಿದ್ದಾಳೆ ಎಂದು ಓದಿ ಹೇಳಿದರು. ಗುಮಾಸ್ತರೆಲ್ಲ ಕಿವಿ ನಿಮಿರಿಸಿ ಕೂತಿದ್ದರು. ಈ ಮದುವೆಯನ್ನು 'ಸಾಲೆಮ್ನೈಜ್' ಮಾಡಕೂಡದು ಎಂದಿದ್ದೀಯ. ವಿಮಾ ಕಚೇರಿಯಲ್ಲಿ ಇಷ್ಟು ವರ್ಷ ಇಂಗ್ಲಿಷ್ ಟೈಪ್ ಮಾಡಿದರೂ ಆ ಪದ ನನ್ನ ಬೆರಳಿಗೆ ಸಿಕ್ಕಿರಲಿಲ್ಲ.

ಅಂದಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಒಗ್ಗರಣೆ ಸೀಯಿಸಿದೆ. ಕೊನೆಗೆ ಯೂನಿವರ್ಸಿಟಿ ಲೈಬ್ರರಿಗೆ ಹೋಗಿ ದಪ್ಪ ಡಿಕ್ಷನರಿ ತೆಗೆಸಿದೆ. ವಿಧಿಪೂರ್ವಕ ನೆರವೇರಿಸುವುದು ಎಂದರ್ಥ. ಮೂಲ ಲ್ಯಾಟಿನ್, ವರ್ಷವರ್ಷವೂ ತಪ್ಪದೆ ನಡೆಸುವ ಹಬ್ಬ, ಪೂಜೆಗೆ ಹೇಳುತ್ತಿದ್ದರಂತೆ. ಈಗ ಹೆಚ್ಚಾಗಿ ಮದುವೆಗೇ ಬಳಸುತ್ತಾರೆ. ಅಡುಗೆಯನ್ನೋ ಟೈಪಿಂಗನ್ನೋ ಯಾರೂ ಸಾಲೆಮ್ನೈಜ್ ಮಾಡುವುದಿಲ್ಲ.

ಅಂದರೆ ಶಾಸ್ತ್ರ! ನಿನ್ನಪ್ಪ ಹೋದ ಮೇಲೆ ಆ ಶಾಸ್ತ್ರವೇ ತಾನೆ ನನ್ನನ್ನು ಹಿಂದೆ ಕೂರಿಸಿದ್ದು? ಪ್ರೇಮಕ್ಕನ ಮಗಳ ಧಾರೆಯಲ್ಲಿ ಹೆಂಗಸರೆಲ್ಲ ಹಾಲೆರೆದರು. ನನ್ನ ಕೈಗೆ ಮಾತ್ರ ತಂಬಿಗೆ ಬರಲಿಲ್ಲ. ಅವತ್ತು ನೀನೇ ಸಿಟ್ಟಿನಿಂದ ಊಟ ಬಿಟ್ಟು ಎದ್ದೆ. ಅದೇ ಪೂರ್ವಿ ಹೀಗೆ ಬರೆದಳಲ್ಲ! ಅಹಮದಾಬಾದಿನ ಹಾಸ್ಟೆಲಿನಲ್ಲಿ ಗೆಳತಿಯರು ನಗುತ್ತಾರೆಂಬ ಹೆದರಿಕೆಯೇ?

ಅಚ್ಯುತರು ನಿನ್ನಪ್ಪನ ಜಾಗಕ್ಕೆ ಬರುತ್ತಿಲ್ಲ. ಊರಾಚೆಯ ಕೊಯಾಲಿಯಿಂದ ಸ್ಕೂಟರಿನಲ್ಲಿ ಬಂದು, ನಾನು ಉಪ್ಪು ಮರೆತ ಸಾರನ್ನೂ ಚೆನ್ನಾಗಿದೆ ಎಂದು ಉಣ್ಣುವ ಮನುಷ್ಯ. ಅವರು ಬಾರದ ಸಂಜೆ ಈ ಮನೆ ನನ್ನನ್ನು ತಿನ್ನಲು ಬರುತ್ತದೆ. ನನಗೆ ಅವರು ಬೇಕು, ಪೂರ್ವಿ. ನೀನೂ ಬೇಕು.

ಮಗಳಿಗೆ ಇಷ್ಟವಿಲ್ಲ ಎನ್ನುವುದು ಕಾನೂನಿನಲ್ಲಿ ತಕರಾರಲ್ಲವಂತೆ, ಸಾಹೇಬರು ತಳ್ಳಿಹಾಕಿದರು. ಇದೇ ಇಪ್ಪತ್ತೆರಡು, ಸೋಮವಾರ ಮದುವೆ. ಕಾನೂನು ಒಪ್ಪಿದ ಮಾತ್ರಕ್ಕೆ ನನಗೆ ನಿದ್ದೆ ಬರುತ್ತದೆಯೇ? ಬೈಯುವುದಿದ್ದರೆ ಬಂದೇ ಬೈಯಿ.

ದಾರಿ ಕಾಯುತ್ತಿರುವ ನಿನ್ನ ಅಮ್ಮ,
ಇಂದುಮತಿ

ತಾ.ಕ.: ಸಹಿ ಹಾಕಲು ಮೂವರು ಸಾಕ್ಷಿಗಳು ಬೇಕು, ಇಬ್ಬರು ಸಿಕ್ಕಿದ್ದಾರೆ. ನಿನ್ನ ತಕರಾರಿನ ವಿಷಯ ಅಚ್ಯುತರಿಗೆ ಹೇಳಿಲ್ಲ. ಮೂರನೆಯವರು ಯಾರೆಂದು ಕೇಳಿದರು, ಪೂರ್ವಿ ಎಂದುಬಿಟ್ಟೆ. ನಿನಗೆಂದು ಹೊಸ ಪೆನ್ನು ತಂದಿಟ್ಟಿದ್ದಾರೆ.