ಭಾರದ ಕಾಲು ಯಾರದು

ಮೈದುನ ಸಾಹೇಬರೇ,

ಪಿಕಪ್ಪು ಜಾಕಿ ಮೇಲಿದೆ, ಮುಂದಿನ ಎಡಗಡೆ ಚಕ್ರ ಬಿಚ್ಚಿದ್ದೇನೆ. ಕೆಲಸಕ್ಕೆ ನಿನ್ನ ಬೈಕು ತೆಗೆದುಕೊಂಡು ಹೋಗಿದ್ದೇನೆ. ಬ್ರೇಕಿನ ಸಾಮಾನು ತರಲು ನಡೆದೇ ಹೋಗು, ನಿನ್ನ ಕಾಲು ಹಗುರ ತಾನೇ.

ಬಿಚ್ಚಿದ ಎರಡು ಬ್ರೇಕ್ ಪ್ಯಾಡು ಊಟದ ಮೇಜಿನ ಮೇಲೆ ಅತ್ತೆ ಕೂರುವ ಜಾಗದಲ್ಲಿವೆ. ಮುಟ್ಟಬೇಡ. ಒಳಗಿನದು ಸವೆದು ತಗಡೊಂದೇ ಉಳಿದಿದೆ, ಹೊರಗಿನದು ಹೊಸದರ ಹಾಗೇ ಇದೆ. "ಅತ್ತಿಗೆ ಕಾಲು ಭಾರ ಅಮ್ಮಾ, ಬ್ರೇಕ್ ತಿಂದು ಹಾಕ್ತಾರೆ" ಅಂತ ಎಲ್ಲರೆದುರು ಹೇಳಿ, ಅತ್ತೆ ನನ್ನಿಂದ ಪಿಕಪ್ಪಿನ ಕೀ ಕಿತ್ತುಕೊಳ್ಳುವ ಹಾಗೆ ಮಾಡಿದೆಯಲ್ಲ? ನನ್ನ ಕಾಲು ಭಾರವಾಗಿದ್ದರೆ ಎರಡೂ ಸಮನಾಗಿ ಸವೆಯಬೇಕಿತ್ತು. ಒಳಗಿನದನ್ನೇ ಹುಡುಕಿಕೊಂಡು ಹೋಗಿ ತುಳಿಯುವ ಕಾಲು ಯಾರಿಗಿದೆಯಪ್ಪ?

ಎರಡೂ ಪ್ಯಾಡನ್ನು ಚಕ್ರದ ತಟ್ಟೆಗೆ ಒತ್ತುವ ಕ್ಯಾಲಿಪರ್ ಇದೆಯಲ್ಲ, ಅದರ ಪಿನ್ನು ಜಾರುತ್ತಿಲ್ಲ, ಅದಕ್ಕೇ ಒಂದೇ ಪ್ಯಾಡು ಒತ್ತಿ ಒತ್ತಿ ಸತ್ತಿದೆ. ಹೋದ ಸಲ ಪ್ಯಾಡು ಹಾಕಿದವನು ನೀನು. ಪಿನ್ನಿಗೆ ಗೇಟಿನ ಗ್ರೀಸು ಬಳಿದವನೂ ನೀನೇ. ಆ ಗ್ರೀಸಿಗೆ ಪಿನ್ನಿನ ಸುತ್ತಲಿನ ರಬ್ಬರು ಊದಿಕೊಂಡು ಪಿನ್ನನ್ನು ಕಚ್ಚಿ ಹಿಡಿದಿದೆ. ಹಚ್ಚಬೇಕಿದ್ದ ಗ್ರೀಸಿನ ಪೊಟ್ಟಣ ನಿನ್ನ ಟೂಲ್ ಬಾಕ್ಸಿನಲ್ಲೇ ಸಿಕ್ಕಿತು, ಇನ್ನೂ ಒಡೆದೇ ಇಲ್ಲ. ಅದೂ ಮೇಜಿನ ಮೇಲಿದೆ. ಅತ್ತೆ ನೋಡಿದ ಮೇಲೆ ಒಡೆ.

ಪಿನ್ನು, ರಬ್ಬರು ಹೊಸದು ಹಾಕು. ಪ್ಯಾಡು ಬಲಗಡೆ ಚಕ್ರಕ್ಕೂ ಬದಲಾಯಿಸು.

ನಾನು ಅತ್ತೆಗೆ ಒಂದು ಮಾತೂ ಹೇಳಿಲ್ಲ. ಊಟಕ್ಕೆ ಕೂತಾಗ "ಇದೇನೋ ಇದು?" ಅಂತ ನಿನ್ನನ್ನೇ ಕೇಳುತ್ತಾರೆ. ಹೇಳು. ಅವತ್ತಿನಷ್ಟೇ ಜೋರಾಗಿ ಹೇಳು.

ಸಂಜೆ ಅತ್ತೆಯೇ ನನ್ನ ಕೈಗೆ ಕೀ ಕೊಡಬೇಕು. ಆಗ ನೀನು ಪಕ್ಕದಲ್ಲಿ ನಿಂತಿರಬೇಕು.

ಇಂತಿ,
ಭಾರದ ಕಾಲಿನ ಅತ್ತಿಗೆ