ಬೇವಿನ ಗಿಡದ ಪೆಟ್ಟಿಗೆಯ ಕೀಲಿಕೈ

ಊರ ಪಾರ್ಕು ನೋಡಿಕೊಳ್ಳಬೇಕಾದ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನಮ್ಮೂರ ಪಾರ್ಕಿನ ಬೇವಿನ ಗಿಡಕ್ಕೆ ನಿಮ್ಮವರು ಮೊಳೆ ಹೊಡೆದು ತೂಗುಹಾಕಿದ ತಕ್ರಾರು ಪೆಟ್ಟಿಗೆಯನ್ನು ಈವರೆಗೆ ಒಂದು ಸಲವೂ ತೆರೆದಿಲ್ಲ. ಅದರೊಳಗೆ ಒಬ್ಬ ಹೆಣ್ಣುಮಗಳ ಸಂಸಾರ ಸಿಕ್ಕಿಕೊಂಡಿದೆ. ಮೃಗಶಿರ ಮಳೆ ಹಿಡಿಯುವ ಮೊದಲು ಅದನ್ನು ಹೊರಗೆ ತೆಗೆಯಿರಿ ಎಂದು ಕೇಳುವುದಕ್ಕೆ ಈ ಪತ್ರ. ಪತ್ರಿಕೆಯಲ್ಲೇಕೆ ಬರೆಯುತ್ತೀ ಎಂದು ಕೇಳಬಹುದು. ಪೆಟ್ಟಿಗೆಯಲ್ಲಿ ಹಾಕಿದ್ದು ನಿಮಗೆ ಮುಟ್ಟುವುದಿಲ್ಲವಲ್ಲ! ಊರ ಹೆಸರು ಬರೆದಿಲ್ಲ. ರೋಣ ತಾಲೂಕಿನದು ಅಂದರೆ ನಿಮಗೆ ತಿಳಿಯುತ್ತದೆ, ಉಳಿದವರಿಗೆ ತಿಳಿಯಬೇಕಾದ ಅಗತ್ಯವಿಲ್ಲ.

ನಾನು ಮೂವತ್ತೊಂದು ವರ್ಷ ಮಾಸ್ತರಿಕೆ ಮಾಡಿದವನು. ಈಗ ದಿನಾ ಪಾರ್ಕಿನ ಬೆಂಚಿನ ಮೇಲೆ ಕೂತು ಓದುಬರಹ ಬಾರದವರಿಗೆ ಕಾಗದ ಬರೆದುಕೊಡುತ್ತೇನೆ. ಬೆಂಚಿಗೆ ಮೂರೇ ಕಾಲು. ನಾಲ್ಕನೆಯದರ ಬದಲು ಕಲ್ಲು ಇಟ್ಟುಕೊಂಡಿದ್ದೇನೆ. ಸ್ವಾತಂತ್ರ್ಯದ ಏಳನೆಯ ವರ್ಷ ರಿಬ್ಬನ್ನು ಕತ್ತರಿಸಿ, ಪೇಢೆ ಹಂಚಿ, ಭಾಷಣ ಮಾಡಿ ಈ ಪಾರ್ಕನ್ನು ಊರಿಗೆ ಒಪ್ಪಿಸಿದಿರಿ. ಆಗ ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಹೋದ ನವೆಂಬರಿನಲ್ಲಿ ಮೈಸೂರು ರಾಜ್ಯಕ್ಕೆ ಬಂದೆವು. ಮುರಿದ ಕಾಲು ಮಾತ್ರ ಇನ್ನೂ ಯಾವ ರಾಜ್ಯದ ಕಣ್ಣಿಗೂ ಬಿದ್ದಿಲ್ಲ. ಗೇಟಿನ ಒಂದು ಬಾಗಿಲು ಹೋಗಿದೆ, ಆಡುಗಳಿಗೆ ಭಾಳ ಅನುಕೂಲವಾಗಿದೆ. ನೀರಿನ ತೊಟ್ಟಿಯಲ್ಲಿ ಚಪ್ಪಲಿಗಳಿವೆ, ನೀರಿಲ್ಲ. ಮಾಲಿ ಪಗಾರು ಪಾರ್ಕಿನ ಹೆಸರಿನಲ್ಲಿ ತೆಗೆದುಕೊಂಡು ಯಾರ ಮನೆಯ ಮಲ್ಲಿಗೆ ಬಳ್ಳಿಗೆ ನೀರು ಹಾಕುತ್ತಾನೆಂಬುದು ನಿಮಗೂ ಗೊತ್ತು, ಆ ಬಳ್ಳಿಗೂ ಗೊತ್ತು.

ಸೋಮವಾರದ ಸಂತೆ ಮುಗಿದ ಮೇಲೆ ಒಮ್ಮೆ ಬಂದು ನೋಡಿರಿ. ಸೂಡಿ, ಬೆಳವಣಕಿ ಊರುಗಳವರು ಬಿಸಿಲಿಗೆ ದಣಿದು ನೆರಳಿಗೆ ಬಂದು ಕೂಡುತ್ತಾರೆ, ಶೇಂಗಾ ತಿನ್ನುತ್ತಾರೆ, ಸಿಪ್ಪೆ ಅಲ್ಲೇ ಬಿಟ್ಟು ಬಂಡಿ ಹೂಡುತ್ತಾರೆ. ಮಂಗಳವಾರ ಮುಂಜಾನೆ ನೆಲ ಕಾಣುವುದಿಲ್ಲ. ಅವರನ್ನು ಬೈಯೋಣ ಎಂದರೆ ಕಸ ಹಾಕುವುದಕ್ಕೆ ಒಂದು ಡಬ್ಬಿಯನ್ನಾದರೂ ಇಟ್ಟಿದ್ದೀರಾ?

ಇದನ್ನೆಲ್ಲ ನಾನು ಕಚೇರಿಗೆ ಬಂದು ಹೇಳಿ ಹೇಳಿ ನಿಮ್ಮವರಿಗೆ ಬೇಸರ ತರಿಸಿದ್ದಕ್ಕೇ ಇರಬೇಕು, ಸಂಕ್ರಾಂತಿಯ ಮುಂದೆ ಪೆಟ್ಟಿಗೆ ಬಂತು. ಕಚೇರಿಯಲ್ಲಿ ಉಳಿದಿದ್ದ ಬಣ್ಣ ಕೆಂಪು, ಆದ್ದರಿಂದ ಪೆಟ್ಟಿಗೆಯೂ ಕೆಂಪು. ಮುಂದೆ ಒಂದು ಸೀಳು, ಕೆಳಗೆ ಒಂದು ಕೀಲಿ. ‘ತಕ್ರಾರು ಇದರಲ್ಲಿ ಹಾಕಬೇಕು. ಪೆಟ್ಟಿಗೆ ಮುಟ್ಟಿದವರ ಮೇಲೆ ಖಟ್ಲೆ ಹೂಡಲಾಗುವುದು’ ಎಂಬ ಬರಹ. ಮುಟ್ಟದೆ ಹಾಕುವುದು ಹೇಗೆಂದು ಬರೆದಿರಲಿಲ್ಲ. ಆದರೂ ನನಗೆ ಖುಷಿಯಾಯಿತು, ಸುಳ್ಳು ಹೇಳಲಾರೆ. ಎಡಗಡೆ ಅಂಚು ಬಿಟ್ಟು, ತಾರೀಖು ಹಾಕಿ, ಇಪ್ಪತ್ತಮೂರು ತಕ್ರಾರು ಬರೆದು ಹಾಕಿದೆ. ಊರಿನವರು ನೋಡಿ ನಗುತ್ತಿದ್ದರು. ಒಬ್ಬಳು ಮಾತ್ರ ನಗಲಿಲ್ಲ, ನೋಡಿ ಕಲಿತಳು.

ಅವಳು ಕಮರುನ್ನಿಸಾ. ಅದೇ ಬೇವಿನ ನೆರಳಿನಲ್ಲಿ ಕೂತು ಗಿರಾಕಿಗಳ ಹಳೆ ಬಟ್ಟೆ ಕೂಡಿಸಿ ಹೊದೆಯುವ ಕೌದಿ ಹೊಲಿಯುತ್ತಾಳೆ. ಗಂಡ ಮಲಿಕಸಾಬ ಎರಡು ವರ್ಷದ ಹಿಂದೆ ಹೆಂಡತಿಯೊಡನೆ ಜಗಳಾಡಿ ಸೊಲ್ಲಾಪುರದ ಮಿಲ್ಲಿಗೆ ಹೋದವನು. ಹೋದ ಮಾರ್ಚಿನಲ್ಲಿ ಅವನ ಕಾಗದ ಬಂತು, ನಾನೇ ಓದಿ ಹೇಳಿದೆ. ತಪ್ಪು ತನ್ನದೆಂದು ಬರೆದಿದ್ದ. ಹಳೆಯ ಮಿಲ್ಲು ಬಿಟ್ಟು ಬೇರೆ ಮಿಲ್ಲು ಸೇರಿದ್ದಾನೆ, ಇಬ್ಬರೂ ಇರುವುದಕ್ಕೆ ಒಂದು ಖೋಲಿ ಹಿಡಿದಿದ್ದಾನೆ. ‘ಬರುತ್ತೀ ಅಂತ ತಿಳಿಸಿದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಬಕ್ರೀದವರೆಗೆ ದಾರಿ ನೋಡುತ್ತೇನೆ. ಉತ್ತರ ಬರದಿದ್ದರೆ ನಿನಗೆ ಮನಸ್ಸಿಲ್ಲ ಅಂತ ತಿಳಿದು ಖೋಲಿ ಬಿಡುತ್ತೇನೆ.’ ದುಡಿಯಲು ಹೋದ ಗಂಡಸರು ಮಾಡುವಂತೆ ಅವನೂ ತನ್ನ ಹೊಸ ವಿಳಾಸ ಬರೆದ ಒಂದು ಕವರು ಒಳಗಿಟ್ಟು ಕಳಿಸಿದ್ದ. ಕಾಗದದ ಮೇಲೆ ವಿಳಾಸವಿರಲಿಲ್ಲ, ಕವರಿನ ಮೇಲಷ್ಟೇ ಇತ್ತು.

ನಾನು ಪೆನ್ನು ಹಿಡಿದೆ. ಅವಳು ಸೂಜಿ ಕೆಳಗಿಟ್ಟಳು. ಆಮೇಲೆ, “ಬರ್ತೀನಿ ಅಂತ ಬರೀರಿ, ಅಷ್ಟ ಸಾಕು” ಅಂದಳು. ಮಾಸ್ತರಿಕೆಯ ಚಟ, ನಾನು ಎರಡು ಸಾಲು ಚೆಂದದ ಮಾತು ಸೇರಿಸಿ ಓದಿ ತೋರಿಸಿದೆ. ಹೊಡೆದುಹಾಕಿಸಿದಳು. ಕವರು ಅಂಟಿಸಿ ಅವಳ ಕೈಗೆ ಕೊಟ್ಟು, ಟಪಾಲು ಪೆಟ್ಟಿಗೆಗೆ ಹಾಕವ್ವ ಎಂದು ಹೇಳಿ, ನಾನು ಶೇಂಗಾ ಸಿಪ್ಪೆಯ ಮೇಲೆ ಹನ್ನೊಂದನೆಯ ತಕ್ರಾರು ಬರೆಯಲು ತಲೆ ಬಗ್ಗಿಸಿದೆ.

ಏಪ್ರಿಲ್ ಕಳೆಯಿತು. ರಮಜಾನ್ ಹಬ್ಬವಾಯಿತು. ಅವನು ಬರಲಿಲ್ಲ, ಕಾಗದವೂ ಬರಲಿಲ್ಲ. ಅವಳು ಮನಸ್ಸು ಗಟ್ಟಿ ಮಾಡಿಕೊಂಡು ಹೊಲಿಗೆ ಹಾಕುತ್ತಲೇ ಇದ್ದಳು. ಹದಿನೈದು ದಿನದ ಹಿಂದೆ ಸಹಜವಾಗಿ ಕೇಳಿದೆ, ಆ ಕವರು ಯಾವ ದಿನ ಹಾಕಿದಿ ಎಂದು. ತಲೆಯ ಮೇಲಿನ ಕೆಂಪು ಪೆಟ್ಟಿಗೆಗೆ ಕೈ ಮಾಡಿದಳು.

“ಅವತ್ತ ಹಾಕೀನ್ರಿ ಮಾಸ್ತರ. ನೀವೂ ದಿನಾ ಇದರಾಗ ಹಾಕ್ತೀರಲ್ರಿ.”

ಆ ವಿಳಾಸವನ್ನು ನಾನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕಾಗಿತ್ತು, ಬರೆದಿಟ್ಟುಕೊಳ್ಳಲಿಲ್ಲ. ಹಳೆಯ ಮಿಲ್ಲಿಗೆ ಕಾರ್ಡು ಹಾಕಿದೆ, ಇಂಥವರು ಇಲ್ಲಿಲ್ಲ ಎಂದು ವಾಪಸು ಬಂತು. ಈಗ ಮಲಿಕಸಾಬನ ವಿಳಾಸ ಈ ತಾಲೂಕಿನಲ್ಲಿ ಇರುವುದು ನಿಮ್ಮ ಪೆಟ್ಟಿಗೆಯೊಳಗೆ ಮಾತ್ರ. ಬಕ್ರೀದಿಗೆ ಉಳಿದಿರುವುದು ಆರೇ ವಾರ, ಅವನು ಅಲ್ಲಿ ಇವಳಿಗೆ ಮನಸ್ಸಿಲ್ಲ ಎಂದುಕೊಳ್ಳುತ್ತಿರಬೇಕು. ಇವಳು ಇಲ್ಲಿ ಅವನು ಮತ್ತೆ ಕೈಬಿಟ್ಟ ಎಂದುಕೊಂಡಿದ್ದಳು.

ಕಚೇರಿಗೆ ಓಡಿ ಬಂದೆ. ನೀವು ಊರೂರು ತಿರುಗುವ ಫಿರತಿಯ ಮೇಲಿದ್ದಿರಿ. ಕೀಲಿಕೈ ನಿಮ್ಮ ಹತ್ತಿರವೇ ಇರುತ್ತದೆಂದು ಕಾರಕೂನರು ಹೇಳಿದರು. ನಾನು ಎಲ್ಲ ವಿವರಿಸಿದೆ. ಅವರು ಸಮಾಧಾನದಿಂದ ಕೇಳಿ, ಎಲೆ ಮಡಚುತ್ತ ಅಂದರು:

“ಪೆಟ್ಟಿಗಿ ತೆಗೀಬೇಕಂದ್ರ ಲೇಖಿ ಅರ್ಜಿ ಬೇಕ್ರಿ. ಅರ್ಜಿ ಪೆಟ್ಟಿಗ್ಯಾಗ ಹಾಕ್ರಿ.”

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರೂ ಪೂಜಾರಿಯೂ ಕೂಡಿಯೇ ಗುಡಿಗೆ ಕೀಲಿ ಹಾಕಿದ್ದೀರಿ. ಅರ್ಜಿ ಬರೆದೆ, ಅದನ್ನೂ ಹಾಕೋಣವೆಂದು ಹೋದರೆ ಸೀಳಿನೊಳಗೆ ಕಾಗದ ಇಳಿಯಲಿಲ್ಲ. ಇಣುಕಿ ನೋಡಿದೆ. ಬಾಯಿತನಕ ಶೇಂಗಾ ಸಿಪ್ಪೆ! ಡಬ್ಬಿ ಇಡಿ ಎಂದು ನಾನು ಬರೆದ ತಕ್ರಾರುಗಳ ಮೇಲೆಯೇ ಸಂತೆಯ ಜನ ಸಿಪ್ಪೆ ತುಂಬಿಟ್ಟಿದ್ದಾರೆ. ಇಡೀ ಪಾರ್ಕಿನಲ್ಲಿ ಡಬ್ಬಿಯಂತಿರುವುದು ಅದೊಂದೇ, ಅವರೇನು ಮಾಡಿಯಾರು? ಮೊನ್ನೆ ರೋಹಿಣಿ ಮಳೆ ನಾಲ್ಕು ಹನಿ ಹಾಕಿತು. ಮುಚ್ಚಳದ ಮೊಳೆಯ ತೂತಿನಿಂದ ನೀರು ಇಳಿಯುವುದನ್ನು ಕಮರುನ್ನಿಸಾ ಕಂಡಳು, ಹೊಲಿಯುತ್ತಿದ್ದ ಕೌದಿಯನ್ನೇ ಎತ್ತಿ ಪೆಟ್ಟಿಗೆಗೆ ಹೊದಿಸಿದಳು. ಅದು ಅವಳದಲ್ಲ, ಗಿರಾಕಿಯದು. ಅದನ್ನು ನೋಡಿ ನನಗೆ ಅಳು ಬಂತು, ಬರೆಯಲು ನಾಚಿಕೆಯೇನಿಲ್ಲ.

ಆದ್ದರಿಂದ ನನ್ನ ಬೇಡಿಕೆ ಈಗ ಸಣ್ಣದಾಗಿದೆ. ಬೆಂಚು ಮೂರೇ ಕಾಲಿನ ಮೇಲೆ ನಿಲ್ಲಲಿ, ಆಡುಗಳು ಸುಖವಾಗಿರಲಿ, ಮಲ್ಲಿಗೆ ಬಳ್ಳಿ ಹಬ್ಬಲಿ. ನನ್ನ ಇಪ್ಪತ್ತಮೂರು ತಕ್ರಾರುಗಳನ್ನು ಓದದೆ ಒಲೆಗೆ ಹಾಕಿರಿ, ನಾನೇ ಕಡ್ಡಿ ಗೀರಿ ಕೊಡುತ್ತೇನೆ. ಬರುವ ಸೋಮವಾರದೊಳಗೆ ಕೀಲಿಕೈ ಕಳಿಸಿರಿ. ಕಳಿಸದಿದ್ದರೆ ಮಂಗಳವಾರ ಮುಂಜಾನೆ ಎಂಟಕ್ಕೆ, ಎಲ್ಲರೆದುರು, ಬೆಂಚಿನ ಕೆಳಗಿನ ಕಲ್ಲು ತೆಗೆದು ಪೆಟ್ಟಿಗೆ ಒಡೆಯುತ್ತೇನೆ. ಖಟ್ಲೆ ಹೂಡಿರಿ. ಕೋರ್ಟಿನಲ್ಲಾದರೂ ಯಾರೋ ಒಬ್ಬರು ನನ್ನ ಮಾತು ಬರೆದುಕೊಳ್ಳುತ್ತಾರೆ.

ಪತ್ರಿಕೆಗೆ ಕಳಿಸುವ ಈ ಪತ್ರವನ್ನು ಟಪಾಲು ಕಚೇರಿಯ ಮುಂದಿನ ಖರೇ ಪೆಟ್ಟಿಗೆಗೇ ಹಾಕುತ್ತಿದ್ದೇನೆ. ಗುರುತು ಹಿಡಿಯಲಿ ಎಂದು ಕಮರುನ್ನಿಸಾಳನ್ನೂ ಕರೆದುಕೊಂಡು ಬಂದಿದ್ದೇನೆ. ಅದನ್ನು ಮೇಲಿಂದ ಕೆಳಗೆ ನೋಡಿ, “ಇದನ್ನರ ತೆಗೀತಾರೇನ್ರಿ?” ಎಂದು ಕೇಳಿದಳು. ದಿನಾ ಎರಡು ಸಲ ತೆಗೆಯುತ್ತಾರವ್ವ ಎಂದೆ. ಹಾಗಾದರೆ ಪಾರ್ಕಿನದನ್ನು ಯಾಕೆ ತೆಗೆಯುವುದಿಲ್ಲ ಎಂದಳು. ಉತ್ತರ ನೀವೇ ಹೇಳಬೇಕು.

ಇಂತಿ,
ಊರಿಗೆಲ್ಲ ಕಾಗದ ಬರೆದುಕೊಟ್ಟು, ಒಂದು ಕಾಗದ ಮುಟ್ಟಿಸಲಾಗದ
ಅಂದಾನೆಪ್ಪ ಮಾಸ್ತರ
ಮೂರು ಕಾಲಿನ ಬೆಂಚು, ಊರ ಪಾರ್ಕು
ತಾ. ೨೭ ಮೇ ೧೯೫೭